ಗುಜರಿಗೆ 46 ಸಾವಿರ, ಮರುಬಳಕೆಗೆ 6,500: ಮಂಡ್ಯದ ಒಂದು ಶಾಲೆಯ ಇ-ತ್ಯಾಜ್ಯದ ಲೆಕ್ಕ

ಮಂಡ್ಯ ನಗರದಲ್ಲಿ ಟ್ರಸ್ಟ್ ಒಂದು ನಡೆಸುವ ಪ್ರೌಢಶಾಲೆ ಇದೆ. ಹೆಸರು ಬೇಡ. ಕೆಟ್ಟ ಸಾಮಾನೆಲ್ಲ ಅಲ್ಲಿನ ಮೇಲಿನ ಮಹಡಿಯ ಕೊನೇ ಕೊಠಡಿಗೆ ಹೋಗಿ ಸೇರುವುದು ವಾಡಿಕೆ. ಇನ್ನೊಂದು ತರಗತಿಗೆ ಜಾಗ ಬೇಕಾದಾಗ, ಆ ಕೊಠಡಿ ಖಾಲಿ ಮಾಡಿಸಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಶಾಲೆಯ ಲೆಕ್ಕಪತ್ರ ನೋಡುವವರಲ್ಲಿ ನಾನೂ ಒಬ್ಬ. ಹಾಗಾಗಿ ಕಡತ ನನ್ನ ಕೈಗೂ ಬಂತು.

ಸ್ಟಾಕ್ ರಿಜಿಸ್ಟರ್ ಪ್ರಕಾರ ಅಲ್ಲಿದ್ದದ್ದು 31 ಸಿಪಿಯು, 26 ಹಳೇ ಕಾಲದ ದಪ್ಪ ಮಾನಿಟರ್, 9 ತೆಳು ಮಾನಿಟರ್, 3 ಪ್ರಿಂಟರ್, ಒಂದು ದೊಡ್ಡ ಯುಪಿಎಸ್, ಅದರ 8 ಬ್ಯಾಟರಿ. ರಿಜಿಸ್ಟರಿನಲ್ಲಿ ಇಲ್ಲದ್ದೂ ಇತ್ತು. ಮೂಟೆಗಟ್ಟಲೆ ಕೀಬೋರ್ಡ್, ಮೌಸ್, ವೈರು. ಮೂಲೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ್ದ ಉರಿಯದ ಟ್ಯೂಬ್‌ಲೈಟು. ಮುರಿದ ಬೆಂಚಿನ ಕಬ್ಬಿಣ, ತುಕ್ಕು ಹಿಡಿದ ರ‍್ಯಾಕು.

ಸಿಪಿಯುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆ ದುಡ್ಡು ಕೊಟ್ಟು ಕೊಂಡದ್ದಲ್ಲ. ಬೆಂಗಳೂರಿನ ಒಂದು ಕಂಪನಿ ದಾನ ಕೊಟ್ಟದ್ದು. ಆ ದಿನ ಸಮಾರಂಭ ನಡೆದಿತ್ತು, ಶಾಲು ಹೊದಿಸಿದ್ದರು, ಫೋಟೊ ಇವತ್ತಿಗೂ ಆಫೀಸಿನ ಗೋಡೆ ಮೇಲಿದೆ. ಬಂದಾಗ ಕಂಪ್ಯೂಟರ್ ಓಡುತ್ತಿದ್ದವು, ಸುಳ್ಳೇನಲ್ಲ. ಆದರೆ ಕಂಪನಿ ಬಳಸಿ ಮುಗಿಸಿದ ಯಂತ್ರಕ್ಕೆ ಉಳಿದಿರುವ ಆಯಸ್ಸೆಷ್ಟು? ಎರಡು ಮೂರು ವರ್ಷಕ್ಕೆ ಒಂದೊಂದೇ ಮಲಗಿದವು. ಓಡುವಾಗ ಕೊಟ್ಟರೆ ಅದು ದಾನ, ನಿಂತ ಮೇಲೆ ಅದು ತ್ಯಾಜ್ಯ. ಕಂಪನಿಯೇ ಇಟ್ಟುಕೊಂಡಿದ್ದರೆ ವಿಲೇವಾರಿಯ ಹೊಣೆ ಕಂಪನಿಯದಾಗುತ್ತಿತ್ತು. ಕೊಟ್ಟ ಮೇಲೆ ಮಂಡ್ಯದ ಶಾಲೆಯದಾಯಿತು. ಇದನ್ನು ದಾನ ಅನ್ನುವುದಕ್ಕಿಂತ ಕೈ ತೊಳೆದುಕೊಂಡದ್ದು ಅನ್ನುವುದೇ ಸರಿ ಎಂದು ನನಗನಿಸುತ್ತದೆ.

ವಿಷಯಕ್ಕೆ ಬರೋಣ. ಶಾಲೆಯಿಂದ ಹಳೇ ಪೇಪರ್ ಒಯ್ಯುವ ಗುಜರಿಯವರೇ ಬಂದು ಕೊಠಡಿ ನೋಡಿದರು. ಮಾತು ನೇರ.

"ಒಂದೊಂದ್ನೇ ಯಾಕ್ ಲೆಕ್ಕ ಹಾಕ್ತೀರಾ ಸಾ, ಎಲ್ಲಾ ಒಟ್ಗೆ ಕೊಟ್ಬುಡಿ. 46 ಸಾವ್ರ. ಇವತ್ತೇ ಗಾಡಿ ತರ್ತೀನಿ, ಕಸಾನೂ ಗುಡಿಸ್ಕೊಂಡು ಹೋಯ್ತೀನಿ."

ಕಾರ್ಯದರ್ಶಿಗಳಿಗೆ ಖುಷಿಯಾಯಿತು. ಅಡ್ಡ ಬಂದವರು ವಿಜ್ಞಾನದ ಮೇಷ್ಟ್ರು. ಇದು ಇ-ತ್ಯಾಜ್ಯ, ಸುಮ್ನೆ ಗುಜರಿಗೆ ಹಾಕೋ ಹಾಗಿಲ್ಲ ಎಂದರು. ಯಾವ ಕಾನೂನು, ಯಾವ ಸೆಕ್ಷನ್ ಎಂದು ಕಾರ್ಯದರ್ಶಿ ಕೇಳಿದರು. ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ನೋಡಿ ಹೇಳಿ ಎಂದು ನನಗೆ ಒಪ್ಪಿಸಿದರು.

ಕಾನೂನು ಏನನ್ನುತ್ತದೆ

ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ ಮೊದಲ ನಿಯಮ ಬಂದದ್ದು 2011ರಲ್ಲಿ. ಜಾರಿಯಾದದ್ದು 2012ರ ಮೇ 1ರಿಂದ. ಅದರ ಜಾಗಕ್ಕೆ 2016ರ ನಿಯಮ ಬಂತು. ಈಗ ನಡೆಯುತ್ತಿರುವುದು 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮೂರೂ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಬಂದವು. ಮೊದಲು ಪಟ್ಟಿಯಲ್ಲಿ 21 ಬಗೆಯ ವಸ್ತುಗಳಿದ್ದವು, ಈಗ 106. ಕಂಪ್ಯೂಟರ್, ಮೊಬೈಲ್, ಟಿವಿ, ಫ್ರಿಜ್ ಮಾತ್ರ ಅಲ್ಲ, ಟ್ಯೂಬ್‌ಲೈಟು, ಫ್ಯಾನು, ಆಟಿಕೆ, ಸೌರ ಫಲಕವೂ ಸೇರಿವೆ.

2016ರ ನಿಯಮದಲ್ಲಿ 'ಸಗಟು ಬಳಕೆದಾರರು' ಯಾರು ಎಂದು ಹೇಳುವಾಗ ಸರ್ಕಾರಿ ಇಲಾಖೆ, ಬ್ಯಾಂಕ್‌ಗಳ ಜೊತೆ ಶಿಕ್ಷಣ ಸಂಸ್ಥೆಗಳ ಹೆಸರೂ ಸ್ಪಷ್ಟವಾಗಿ ಇತ್ತು. ಅಂದರೆ ಆಗ ಈ ಶಾಲೆ ತನ್ನ ಇ-ತ್ಯಾಜ್ಯವನ್ನು ಅಧಿಕೃತರಿಗೇ ಕೊಡಬೇಕಿತ್ತು, ಲೆಕ್ಕ ಇಡಬೇಕಿತ್ತು. 2022ರ ನಿಯಮ ಹೆಸರುಗಳನ್ನು ಕೈಬಿಟ್ಟು ಸಂಖ್ಯೆ ಹಿಡಿದುಕೊಂಡಿತು. ಒಂದು ಆರ್ಥಿಕ ವರ್ಷದಲ್ಲಿ ಯಾವುದೇ ಹೊತ್ತಿನಲ್ಲಿ ಪಟ್ಟಿಯ ವಸ್ತುಗಳನ್ನು ಕನಿಷ್ಠ 1000 ಬಳಸಿರುವ ಸಂಸ್ಥೆ ಮಾತ್ರ ಈಗ ಸಗಟು ಬಳಕೆದಾರ. ಅಂಥವರು ನೋಂದಾಯಿತ ಉತ್ಪಾದಕ (ತಮ್ಮ ಬ್ರ್ಯಾಂಡಿನಲ್ಲಿ ಮಾರುವವರು), ದುರಸ್ತಿದಾರ ಅಥವಾ ಮರುಬಳಕೆದಾರರಿಗೆ (ಒಡೆದು ಲೋಹ ವಾಪಸ್ ತೆಗೆಯುವವರಿಗೆ) ಮಾತ್ರ ಕೊಡಬೇಕು.

ಶಾಲೆಯಲ್ಲಿ 1000 ಎಲ್ಲಿಂದ ಬರಬೇಕು ಅಂತ ಕಾರ್ಯದರ್ಶಿ ನಕ್ಕರು. ಕಂಪ್ಯೂಟರ್ ಮಾತ್ರ ಎಣಿಸಿದರೆ ನಿಜ. ಆದರೆ ಪ್ರತಿ ಕೊಠಡಿಯ ಫ್ಯಾನು, ದೀಪ, ಆಫೀಸಿನ ಫೋನು, ಸಿಸಿ ಕ್ಯಾಮೆರಾ ಎಲ್ಲ ಎಣಿಸಿದರೆ ಲೆಕ್ಕ ಬೇರೆ. ಅದೇ ಟ್ರಸ್ಟ್ ಪಕ್ಕದಲ್ಲಿ ಪಿಯು ಕಾಲೇಜು, ಪದವಿ ಕಾಲೇಜು ನಡೆಸುತ್ತದೆ. ಸಂಸ್ಥೆ ಅಂದರೆ ಶಾಲೆಯೋ ಟ್ರಸ್ಟೋ? ಒಂದೇ ಪ್ಯಾನ್, ಒಂದೇ ಆಡಿಟ್ ಇರುವಾಗ ಟ್ರಸ್ಟ್ ಅನ್ನುವುದೇ ನನ್ನ ಓದು. ಮೂರೂ ಕಟ್ಟಡ ಸೇರಿಸಿದರೆ ಗಡಿಯ ಹತ್ತಿರ ಹೋಗುತ್ತದೆ. ಹಾಗಾಗಿ ಸಗಟು ಬಳಕೆದಾರ ಎಂದುಕೊಂಡೇ ನಡೆಯಿರಿ ಎಂದು ಬರೆದುಕೊಟ್ಟೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಸಗಟು ಬಳಕೆದಾರ ಅಲ್ಲದವರ ಮೇಲೆ, ಅಂದರೆ ಮನೆಯವರು, ಸಣ್ಣ ಅಂಗಡಿ, ಪುಟ್ಟ ಶಾಲೆಯ ಮೇಲೆ, ಹಳೇ ಕಂಪ್ಯೂಟರನ್ನು ಇಂಥವರಿಗೇ ಕೊಡಿ ಎಂದು ನೇರ ಹೊಣೆ ಹೊರಿಸುವ ಸಾಲು ಈ ನಿಯಮದಲ್ಲಿ ಇಲ್ಲ. ನೋಂದಣಿ ಇಲ್ಲದೆ ಅದನ್ನು ಒಡೆದು ವ್ಯಾಪಾರ ಮಾಡುವವರು ಮಾತ್ರ ತಪ್ಪಿತಸ್ಥರಾಗುತ್ತಾರೆ. ಬ್ಯಾಟರಿಯ ವಿಷಯ ಹಾಗಲ್ಲ. 2022ರಲ್ಲೇ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಬೇರೆ. ಬ್ಯಾಟರಿಯನ್ನು ಬೇರೆ ಕಸದ ಜೊತೆ ಬೆರೆಸದೆ, ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವವರಿಗೆ ಕೊಡಬೇಕು ಎಂದು ಅವು ಪ್ರತಿಯೊಬ್ಬ ಗ್ರಾಹಕನಿಗೂ ಹೇಳುತ್ತವೆ. ಅಂದರೆ ಒಂದೇ ಕೊಠಡಿಯಲ್ಲಿದ್ದ ಸಾಮಾನು ಕಾನೂನಿನ ಕಣ್ಣಿಗೆ ಮೂರು ಗುಡ್ಡೆ. ಇ-ತ್ಯಾಜ್ಯಕ್ಕೆ ಒಂದು ನಿಯಮ, ಬ್ಯಾಟರಿಗೆ ಇನ್ನೊಂದು, ಬೆಂಚಿನ ಕಬ್ಬಿಣಕ್ಕೆ ಎರಡೂ ಅಲ್ಲ.

46 ಸಾವಿರ ಎಲ್ಲಿಂದ ಬಂತು

ಮೇಷ್ಟ್ರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್ ನೋಡಿ, ನೋಂದಾಯಿತ ಮರುಬಳಕೆದಾರರಲ್ಲಿ ಬೆಂಗಳೂರು ಕಡೆಯ ಒಬ್ಬರನ್ನು ಹಿಡಿದು ದರ ಕೇಳಿದರು. ಸಿಪಿಯು, ತೆಳು ಮಾನಿಟರ್, ಪ್ರಿಂಟರ್, ಯುಪಿಎಸ್, ವೈರು ಸೇರಿ 6,500 ರೂಪಾಯಿ. ದಪ್ಪ ಮಾನಿಟರ್‌ಗೆ ಏನೂ ಇಲ್ಲ, ಒಯ್ಯುವುದಷ್ಟೇ ಉಪಕಾರ. ಟ್ಯೂಬ್‌ಲೈಟಿಗೆ ಶಾಲೆಯೇ ದುಡ್ಡು ಕೊಡಬೇಕು.

ಕಾರ್ಯದರ್ಶಿಗೆ ಸಿಟ್ಟು ಬಂತು. "46 ಸಾವಿರ ಬಿಟ್ಟು 6,500ಕ್ಕೆ ಕೊಟ್ಟರೆ ಸರ್ವಸದಸ್ಯರ ಸಭೇಲಿ ನನ್ನ ಕೊರಳಪಟ್ಟಿ ಹಿಡೀತಾರೆ ಮೇಷ್ಟ್ರೇ" ಎಂದರು. ಆ ಭಯ ಸುಳ್ಳಲ್ಲ. ಲೆಕ್ಕ ಪರಿಶೋಧನೆಯಲ್ಲೂ ಮೊದಲು ಕೇಳುವುದು ಅದನ್ನೇ. ಹೆಚ್ಚು ಬೆಲೆ ಕೊಟ್ಟವರನ್ನು ಬಿಟ್ಟದ್ದು ಯಾಕೆ?

ಆದರೆ ಆ ಎರಡು ಸಂಖ್ಯೆಗಳು ಒಂದೇ ಮಾಲಿನವಲ್ಲ. ಗುಜರಿಯವರ 46 ಸಾವಿರದಲ್ಲಿ ಬ್ಯಾಟರಿ ಇದೆ, ಬೆಂಚಿನ ಕಬ್ಬಿಣ ಇದೆ. ಯುಪಿಎಸ್‌ನ ಒಂದೊಂದು ದೊಡ್ಡ ಬ್ಯಾಟರಿ ಸುಮಾರು 50 ಕೆಜಿ ತೂಗುತ್ತದೆ, ಬಹುಪಾಲು ಸೀಸ. ಸೀಸಕ್ಕೆ ಯಾವಾಗಲೂ ಗಿರಾಕಿ ಇದ್ದಾರೆ. ಪೇಟೆಯಲ್ಲಿ ಬ್ಯಾಟರಿ ಅಂಗಡಿಯವರನ್ನು ವಿಚಾರಿಸಿದಾಗ, ಹೊಸದು ಕೊಂಡರೆ ಹಳೇದಕ್ಕೆ ಒಂದಕ್ಕೆ 3 ಸಾವಿರ ಕಳೆಯುತ್ತೇವೆ ಎಂದರು. 8ಕ್ಕೆ 24 ಸಾವಿರ. ಕಬ್ಬಿಣವನ್ನು ತೂಕಕ್ಕೆ ಹಾಕಿದರೆ 11 ಸಾವಿರ. ಅಲ್ಲಿಗೆ 35 ಸಾವಿರ ಆಯಿತು. ಹಾಗಾದರೆ ಗುಜರಿಯವರು ಕಂಪ್ಯೂಟರ್‌ಗಳಿಗೆಲ್ಲ ಸೇರಿ ಕಟ್ಟಿದ ಬೆಲೆ ಬರೀ 11 ಸಾವಿರ. ಒಟ್ಟಿಗೆ ಕೊಟ್ಬುಡಿ ಅಂದದ್ದು ಇದಕ್ಕೇ. ಕಬ್ಬಿನ ದುಡ್ಡಿನಲ್ಲಿ ಸೋಗೆಯ ಬೆಲೆ ಹುಡುಕಿದ ಹಾಗಾಗಿತ್ತು ನಮ್ಮ ಕಥೆ.

ಬೇರೆ ಬೇರೆ ಮಾಡಿ ಮಾರಿದರೆ 24 ಸಾವಿರ, 11 ಸಾವಿರ, 6,500. ಒಟ್ಟು 41,500. ವ್ಯತ್ಯಾಸ 4,500 ರೂಪಾಯಿ. ಕಾರ್ಯದರ್ಶಿ ಹೆದರಿದ್ದು 39,500 ರೂಪಾಯಿ ನಷ್ಟಕ್ಕೆ.

ಆ 4,500ಕ್ಕೆ ಏನು ಸಿಗುತ್ತದೆ

ಹಳೇ ದಪ್ಪ ಮಾನಿಟರ್ ತೆಗೆದುಕೊಳ್ಳಿ. ಒಳಗೆ ಗಾಳಿ ತೆಗೆದ ಗಾಜಿನ ಕೊಳವೆ ಇರುತ್ತದೆ. ಅದರಿಂದ ಎಕ್ಸ್-ರೇ ಹೊರಗೆ ಬರದ ಹಾಗೆ ತಡೆಯಲು ಹಿಂಭಾಗದ ಆಲಿಕೆಯಂಥ ಗಾಜಿಗೆ ಸೀಸ ಸೇರಿಸಿರುತ್ತಾರೆ. ಆ ಗಾಜಿನ ತೂಕದಲ್ಲಿ ಐದನೇ ಒಂದು ಭಾಗದಷ್ಟು ಸೀಸದ ಆಕ್ಸೈಡ್. ಗುಜರಿಯಲ್ಲಿ ಇದಕ್ಕೆ ಬೆಲೆ ಇಲ್ಲ. ಬೆಲೆ ಇರುವುದು ಕೊಳವೆಯ ಕತ್ತಿಗೆ ಸುತ್ತಿದ ತಾಮ್ರದ ಸುರುಳಿಗೆ. ಕತ್ತು ಮುರಿದು ಸುರುಳಿ ಎಳೆದುಕೊಂಡರೆ ಆಯಿತು, ಗಾಜು ಎಲ್ಲಿಗಾದರೂ ಹೋಗಲಿ. ಮೊದಲು ಈ ಗಾಜನ್ನು ಕರಗಿಸಿ ಹೊಸ ಪಿಕ್ಚರ್ ಟ್ಯೂಬ್ ಮಾಡುತ್ತಿದ್ದರು. ಈಗ ಅಂಥ ಟಿವಿಯೇ ತಯಾರಾಗುವುದಿಲ್ಲ, ಗಾಜಿಗೆ ಕೊಳ್ಳುವವರೂ ಇಲ್ಲ. ನೋಂದಾಯಿತ ಮರುಬಳಕೆದಾರನಿಗೂ ಇದು ಖರ್ಚಿನ ಬಾಬತ್ತೇ.

ವೈರಿನ ಕಥೆ ಎಲ್ಲರಿಗೂ ಗೊತ್ತು. ಸುಲಿಯುವ ಬದಲು ಸುಟ್ಟರೆ ತಾಮ್ರ ಬೇಗ ಸಿಗುತ್ತದೆ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದಿ ಚೂರುಪಾರು ಚಿನ್ನ ತೆಗೆಯುತ್ತಾರೆ, ಉಳಿದ ಆಸಿಡ್ ಚರಂಡಿಗೆ. ಬ್ಯಾಟರಿಯಲ್ಲಿ ಇರುವ ಆಸಿಡ್ಡೂ ಹಾಗೇ.

ಗುಜರಿಯವರನ್ನು ಬೈಯುವುದು ನನಗೆ ಇಷ್ಟವಿಲ್ಲ. ಮಂಡ್ಯದಂಥ ಊರಿನಲ್ಲಿ ಮನೆಮನೆಯಿಂದ ಹಳೇ ಸಾಮಾನು ಎತ್ತುವವರು ಅವರೇ. ಅವರಿಲ್ಲದಿದ್ದರೆ ಅರ್ಧ ಸಾಮಾನು ಖಾಲಿ ಸೈಟಿಗೆ ಬೀಳುತ್ತಿತ್ತು. 2022ರ ನಿಯಮ ನೋಂದಣಿಗೆ ಒಪ್ಪುವುದು ನಾಲ್ಕು ಬಗೆಯವರನ್ನು: ತಯಾರಕ, ಉತ್ಪಾದಕ, ದುರಸ್ತಿದಾರ, ಮರುಬಳಕೆದಾರ. ಸೈಕಲ್ ಮೇಲೆ, ಆಟೊದಲ್ಲಿ ಸಂಗ್ರಹಿಸುವವನಿಗೆ ಅದರಲ್ಲಿ ಜಾಗವಿಲ್ಲ. ನಿಯಮದ ದೊಡ್ಡ ಕೊರತೆ ಇದು ಎಂದೇ ನನ್ನ ಅಭಿಪ್ರಾಯ.

ದುಡ್ಡಿನ ದಾರಿಯನ್ನೂ ನೋಡಬೇಕು. ಹೊಸ ವ್ಯವಸ್ಥೆಯಲ್ಲಿ ಹೊಣೆ ಬ್ರ್ಯಾಂಡ್ ಮಾರುವ ಉತ್ಪಾದಕರ ಮೇಲಿದೆ. ಹಿಂದೆ ಮಾರಿದ ಮಾಲಿನ ಲೆಕ್ಕ ಹಿಡಿದು 2023-24, 2024-25ರಲ್ಲಿ ಶೇ 60, ಮುಂದಿನ ಎರಡು ವರ್ಷ ಶೇ 70, ಆಮೇಲೆ ಶೇ 80ರಷ್ಟು ಮರುಬಳಕೆ ಆಗಿದೆ ಎಂದು ಅವರು ತೋರಿಸಬೇಕು. ತೋರಿಸುವುದು ಹೇಗೆ? ನೋಂದಾಯಿತ ಮರುಬಳಕೆದಾರರಿಂದ ಇಪಿಆರ್ (ಉತ್ಪಾದಕರ ವಿಸ್ತರಿತ ಹೊಣೆ) ಪ್ರಮಾಣಪತ್ರ ಕೊಂಡು. ಈ ಪ್ರಮಾಣಪತ್ರ ಹುಟ್ಟುವುದು ವಾಪಸ್ ತೆಗೆದ ಲೋಹದ ಮೇಲೆ: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ಪಟ್ಟಿಯಲ್ಲಿ ಸೀಸ ಇಲ್ಲ. ದಪ್ಪ ಮಾನಿಟರ್‌ಗೆ ಬೆಲೆ ಸೊನ್ನೆ ಬಂದದ್ದು ಯಾಕೆ ಎಂದು ಈಗ ಗೊತ್ತಾಯಿತಲ್ವಾ? ಅತ್ಯಂತ ಅಪಾಯದ ವಸ್ತುವಿಗೇ ಲಾಭವಿಲ್ಲ. 2024ರಲ್ಲಿ ಈ ಪ್ರಮಾಣಪತ್ರಗಳಿಗೆ ಕನಿಷ್ಠ ಬೆಲೆ ಕಟ್ಟಿದರು. ಅದನ್ನು ಒಪ್ಪದೆ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು.

ಎರಡು ಎಡವಟ್ಟು

ಸುದ್ದಿ ಹಬ್ಬಿ ಇನ್ನೊಬ್ಬರು ಬಂದರು. ಕೈಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸೀಲಿನ ಪತ್ರ. ನಾವು ಅಧಿಕೃತರು, 15 ಸಾವಿರ ಕೊಡುತ್ತೇವೆ ಎಂದರು. ಪತ್ರ ನಕಲಿ ಅಲ್ಲ. ಆದರೆ ಅದು 2016ರ ನಿಯಮದಡಿ 'ಬಿಚ್ಚುವವರು' (ಯಂತ್ರ ಬಿಚ್ಚಿ ಭಾಗ ಬೇರೆ ಮಾಡುವವರು) ಎಂದು ಕೊಟ್ಟ ಅನುಮತಿ. ಆಗ ಬಿಚ್ಚುವವರಿಗೆ ಪ್ರತ್ಯೇಕ ಅನುಮತಿ ಇತ್ತು. ಈಗಿನ ನಿಯಮದಲ್ಲಿ ನೋಂದಣಿಗೆ ಆ ವರ್ಗವೇ ಇಲ್ಲ. ಮೇಷ್ಟ್ರು ಅವರೆದುರೇ ಪೋರ್ಟಲ್ ತೆರೆದು ಹೆಸರು ಹುಡುಕಿದರು, ಸಿಗಲಿಲ್ಲ. ಟೀ ಕುಡಿದು ಹೋದರು. ಸೀಲು ನೋಡಿ ನಂಬುವ ಬದಲು ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ಇದೆಯಾ, ಯಾವ ಬಗೆಯ ವಸ್ತುವಿಗೆ ಇದೆ ಎಂದು ನೋಡುವುದೇ ಖಾತ್ರಿ.

ಎರಡನೆಯದು ಹಾರ್ಡ್ ಡಿಸ್ಕ್. ಆಫೀಸಿನಲ್ಲಿದ್ದ ಹಳೇ ಸಿಪಿಯುಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಹೆಸರು, ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ, ಅಪ್ಪ ಅಮ್ಮನ ಫೋನ್ ನಂಬರ್ ಎಲ್ಲ ಇತ್ತು. ಡಿಲೀಟ್ ಮಾಡಿದರೆ, ಬರೀ ಫಾರ್ಮ್ಯಾಟ್ ಮಾಡಿದರೆ ಅದು ಪೂರ್ತಿ ಅಳಿಯುವುದಿಲ್ಲ. ಮೇಲೆ ಬೇರೆ ಮಾಹಿತಿ ಬರೆದು ಮುಚ್ಚಬೇಕು, ಇಲ್ಲ ಡಿಸ್ಕನ್ನೇ ಹಾಳು ಮಾಡಬೇಕು. ಓಡುವ ಡಿಸ್ಕ್‌ಗಳನ್ನು ಮೊದಲ ರೀತಿ ಅಳಿಸಿದರು. ಓಡದಿದ್ದವನ್ನು ವರ್ಕ್‌ಶಾಪಿನಲ್ಲಿ ಡ್ರಿಲ್ ಹಿಡಿದು ತೂತು ಹಾಕಿಸಿದರು. ಗುಜರಿಗೆ ಹಾಕಿದ್ದರೆ ಇದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಠರಾವು

ಇಷ್ಟರ ಮೇಲೂ ಗಂಟು ಇದ್ದದ್ದು ಕಾಗದದಲ್ಲಿ. ಶಾಲೆ, ಸೊಸೈಟಿ, ಕಚೇರಿಗಳಲ್ಲಿ ಹಳೇ ಸಾಮಾನು ಮಾರುವ ಠರಾವು ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. 'ನಿರುಪಯುಕ್ತ ಸಾಮಗ್ರಿಗಳನ್ನು ಹೆಚ್ಚಿನ ಬೆಲೆ ನೀಡುವವರಿಗೆ ವಿಲೇವಾರಿ ಮಾಡುವುದು.' ಈ ಒಂದು ಸಾಲೇ ಮಾಲನ್ನು ಗುಜರಿಗೆ ತಳ್ಳುತ್ತದೆ. ಸೀಸದ ಗಾಜನ್ನು ಸರಿಯಾಗಿ ವಿಲೇವಾರಿ ಮಾಡುವವನಿಗೆ ಖರ್ಚಿದೆ, ಹಾಗಾಗಿ ಅವನ ಬೆಲೆ ಯಾವಾಗಲೂ ಕಡಿಮೆ. ಗಾಜು ಎಸೆಯುವವನಿಗೆ ಖರ್ಚಿಲ್ಲ, ಅವನೇ ಗೆಲ್ಲುತ್ತಾನೆ. ಪರಿಸರ ದಿನಕ್ಕೆ ಗಿಡ ನೆಡುವ ಸಂಸ್ಥೆಯೂ ಈ ಸಾಲನ್ನು ಕಣ್ಣುಮುಚ್ಚಿ ಬರೆಯುತ್ತದೆ.

ಇಲ್ಲಿ ಸಾಲು ಬದಲಿಸಿದೆವು. 'ಇ-ತ್ಯಾಜ್ಯ, ಬ್ಯಾಟರಿ ಮತ್ತು ಇತರ ಸಾಮಗ್ರಿಯನ್ನು ಮೂರು ಪ್ರತ್ಯೇಕ ಲಾಟ್ ಮಾಡುವುದು. ಇ-ತ್ಯಾಜ್ಯದ ಲಾಟ್‌ಗೆ 2022ರ ನಿಯಮದಡಿ ನೋಂದಾಯಿತರಿಂದ ಮಾತ್ರ ದರ ಕರೆಯುವುದು. ಅವರಲ್ಲಿ ಹೆಚ್ಚಿನ ದರ ನೀಡಿದವರಿಗೆ ಕೊಡುವುದು. ಪೋರ್ಟಲ್‌ನಲ್ಲಿರುವ ನೋಂದಣಿಯ ಪ್ರತಿ ಮತ್ತು ತೂಕವಾರು ಸ್ವೀಕೃತಿ ಪತ್ರವನ್ನು ಕಡತದಲ್ಲಿ ಇಡುವುದು.' ಈಗ ಯಾರು ಕೇಳಿದರೂ ಉತ್ತರವಿದೆ. ಹೆಚ್ಚು ಬೆಲೆಯವರನ್ನು ಬಿಟ್ಟಿಲ್ಲ, ಅರ್ಹರಲ್ಲಿ ಹೆಚ್ಚು ಕೊಟ್ಟವರನ್ನೇ ಆರಿಸಿದ್ದೇವೆ. ಕಾರ್ಯದರ್ಶಿ ತಕ್ಷಣ ಸಹಿ ಹಾಕಿದರು. ಅವರಿಗೆ ಬೇಕಾಗಿದ್ದದ್ದು ಪರಿಸರದ ಪಾಠ ಅಲ್ಲ, ಸಭೆಯಲ್ಲಿ ತೋರಿಸಲು ಒಂದು ಕಾಗದ.

ಕೊಡುವ ಮುಂಚೆ ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು. 31 ಸಿಪಿಯುಗಳಲ್ಲಿ 8 ತೀರಾ ಹಳೇವಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಕಾರಣ ಅವನ್ನೂ ಮೂಲೆಗೆ ತಳ್ಳಿದ್ದರು. ಹಳೇ ವಿದ್ಯಾರ್ಥಿಯೊಬ್ಬನನ್ನು ಕರೆಸಿ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲು ಲಿನಕ್ಸ್ ಇಳಿಸಿದರು. ಒಂದೊಂದಕ್ಕೆ ಸುಮಾರು 2 ಸಾವಿರ ಖರ್ಚು. ಕನ್ನಡ ಟೈಪಿಂಗ್, ಇಂಟರ್‌ನೆಟ್, ಲೆಕ್ಕದ ಹಾಳೆ ಎಲ್ಲ ನಡೆಯುತ್ತಿದೆ. ಇಷ್ಟು ತೆಗೆದ ಮೇಲೂ ಮರುಬಳಕೆದಾರರು 6,500ಕ್ಕೆ ತಕರಾರು ಮಾಡಲಿಲ್ಲ.

ಅವರ ತಕರಾರು ಇದ್ದದ್ದು ಲೋಡಿನ ಬಗ್ಗೆ. ಅರ್ಧ ಟನ್‌ಗೆ ಬೆಂಗಳೂರಿಂದ ಗಾಡಿ ಕಳಿಸಿದರೆ ಡೀಸೆಲ್ಲೂ ಗಿಟ್ಟುವುದಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಮಾಲು ತುಂಬಿಕೊಂಡು ವಾಪಸ್ ಹೋಗುವ ಲಾರಿ, ಮಂಡ್ಯ ಬೈಪಾಸ್ ಹಿಡಿಯದೆ ಊರೊಳಗೆ ಬಂದು ಹೋಗುವುದು ಎಂದು ಮಾತಾಯಿತು. ಅದಕ್ಕೆ ಕಾಯಬೇಕಾಯಿತು, ಕೊಠಡಿ ಖಾಲಿಯಾಗುವುದು ತಡವಾಯಿತು. ಇ-ತ್ಯಾಜ್ಯವನ್ನು 180 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ಮಾತು ಕೇಳಿ ಮುಖ್ಯೋಪಾಧ್ಯಾಯರು ಗಾಬರಿಯಾದರು. ಆ ಮಿತಿ ಇರುವುದು ನೋಂದಣಿ ಇರುವ ನಾಲ್ಕು ಬಗೆಯವರಿಗೆ. ಕಾಯುವ ಹೊತ್ತಿಗೆ ಪಿಯು ಕಾಲೇಜಿನ ಹಳೇ ಸಾಮಾನನ್ನೂ ಸೇರಿಸಿಕೊಂಡರು, ಲೋಡು ದೊಡ್ಡದಾಯಿತು. ಊರಿನ ನಾಲ್ಕಾರು ಸಂಸ್ಥೆಗಳು ವರ್ಷಕ್ಕೊಮ್ಮೆ ಹೀಗೆ ಒಟ್ಟಾದರೆ ಸಾಗಣೆಯ ತೊಂದರೆ ಅರ್ಧ ಕಳೆಯುತ್ತದೆ.

ಲಾರಿ ಬಂತು, ತೂಕ ಹಾಕಿದರು, ಸ್ವೀಕೃತಿ ಪತ್ರ ಕೊಟ್ಟರು. ಬ್ಯಾಟರಿಗಳನ್ನು ಅಂಗಡಿಯವರು ಒಯ್ದರು. ಬೆಂಚು, ರ‍್ಯಾಕನ್ನು ಅದೇ ಗುಜರಿಯವರು ಕೊಂಡರು. "ಬ್ಯಾಟ್ರಿ ಒಂದ್ ಕೊಟ್ಟಿದ್ರೆ ಸಾಕಾಗಿತ್ತು ಸಾ" ಎಂದು ನಕ್ಕರಂತೆ.

ದಾನದ ಬಗ್ಗೆ ಟ್ರಸ್ಟ್ ಈಗ ಒಂದು ಷರತ್ತು ಇಟ್ಟಿದೆ. ಬಳಸಿದ ಕಂಪ್ಯೂಟರ್ ಕೊಡುವವರು, ಅದು ಕೆಟ್ಟ ಮೇಲೆ ತಾವೇ ವಾಪಸ್ ಒಯ್ಯುತ್ತೇವೆ ಎಂದು ಬರೆದುಕೊಡಬೇಕು. ಹೊಸದು ಕೊಳ್ಳುವಾಗಲೂ ಖರೀದಿ ಆದೇಶದಲ್ಲಿ ಅದೇ ಮಾತು.

ಟ್ಯೂಬ್‌ಲೈಟುಗಳು ಮಾತ್ರ ಇನ್ನೂ ಅಲ್ಲೇ ಇವೆ. ಒಂದೊಂದರಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಪಾದರಸ, ಆದರೆ ಒಡೆದರೆ ಗಾಳಿಗೆ ಸೇರುತ್ತದೆ. ಒಯ್ಯಲು ಶಾಲೆಯೇ ದುಡ್ಡು ಕೊಡಬೇಕು, ಅದಕ್ಕೆ ಆಡಳಿತ ಮಂಡಳಿ ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಟ್ಟಿದ್ದಾರೆ. ಎಷ್ಟು ಟ್ಯೂಬ್ ಇವೆ, ತೂಕ ಎಷ್ಟು ಎಂದು ಎಣಿಸಿ ಮುಂದಿನ ಸಭೆಗೆ ತರಬೇಕೆಂದು ಗುಮಾಸ್ತರಿಗೆ ಹೇಳಿದೆ.